ಮೊದಲ ಪಾಠ ಶಿಕ್ಷಕರಿಗೆ, ಎರಡನೆಯದು ಮಕ್ಕಳಿಗೆ

ಶಾಲೆಯಲ್ಲಿ ‘ಗುಡ್ ಟಚ್, ಬ್ಯಾಡ್ ಟಚ್’ ಪಾಠ ನಡೆದ ದಿನ ಮಧ್ಯಾಹ್ನವೇ ಯಾವುದಾದರೂ ಮಗು ತನ್ನ ಮೇಲಾದ ಲೈಂಗಿಕ ದೌರ್ಜನ್ಯ ಹೇಳಲು ಶಿಕ್ಷಕಿಯ ಸೆರಗು ಹಿಡಿದು ನಿಲ್ಲಬಹುದು. ಆಗ ಏನು ಮಾಡಬೇಕೆಂದು ಶಿಕ್ಷಕಿಗೇ ಗೊತ್ತಿಲ್ಲದಿದ್ದರೆ, ಒಮ್ಮೆ ಬಾಯಿಬಿಟ್ಟ ಮಗು ಮತ್ತೆ ಬಾಯಿಬಿಡುವುದು ಕಷ್ಟ. ಹಾಗಾಗಿ ಹೊರಗಿನವರನ್ನು ಕರೆಸಿ, ಪ್ರೊಜೆಕ್ಟರ್ ಹಚ್ಚಿ, ಫೋಟೊ ತೆಗೆದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕಳಿಸುವ ಒಂದು ದಿನದ ಕಾರ್ಯಕ್ರಮದಿಂದ ಶುರು ಮಾಡಬೇಡಿ. ದೊಡ್ಡವರ ತಯಾರಿ ಮೊದಲು.

ಸಿಬ್ಬಂದಿ ಕೊಠಡಿಯಲ್ಲಿ ಎರಡು ಗಂಟೆ

ಬಿಸಿಯೂಟದ ಅಡುಗೆಯವರು, ಆಯಾ, ವ್ಯಾನ್ ಚಾಲಕ, ವಾರಕ್ಕೊಮ್ಮೆ ಬರುವ ಕರಾಟೆ ಮೇಷ್ಟ್ರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಎಲ್ಲರೂ ಕೂರಲಿ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆ (2012) 18 ವರ್ಷದೊಳಗಿನ ಎಲ್ಲರಿಗೂ ಅನ್ವಯ, ಗಂಡುಮಕ್ಕಳಿಗೂ. ದೌರ್ಜನ್ಯ ನಡೆದಿದೆ ಎಂದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ ಸೆಕ್ಷನ್ 19. ‘ಹೆಡ್‌ಮಾಸ್ಟರ್‌ಗೆ ಹೇಳಿದ್ದೆ’ ಎಂದರೆ ಕೆಲಸ ಮುಗಿಯಲಿಲ್ಲ. ತಿಳಿಸದೆ ಕೂತರೆ ಸೆಕ್ಷನ್ 21ರಡಿ ಆರು ತಿಂಗಳವರೆಗೆ ಜೈಲು. ತನ್ನ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ಸದುದ್ದೇಶದಿಂದ ತಿಳಿಸಿದವರಿಗೆ ಕಾಯ್ದೆಯ ರಕ್ಷಣೆ ಇದೆ. ಈ ಕೊನೆಯ ಮಾತನ್ನು ಎರಡು ಸಲ ಹೇಳಿ. ಹಿಂಜರಿಕೆ ಇರುವುದೇ ಅಲ್ಲಿ.

ಕೆಲವು ಶಾಲೆಗಳು ಮಗುವಿನ ದೂರನ್ನು ಆಂತರಿಕ ದೂರು ಸಮಿತಿಯ ಮುಂದಿಟ್ಟು ‘ವಿಚಾರಣೆ’ ನಡೆಸುವುದುಂಟು. ಆ ಸಮಿತಿ ಇರುವುದು 2013ರ ಕಾಯ್ದೆಯಡಿ, ಕೆಲಸದ ಜಾಗದಲ್ಲಿ ಮಹಿಳೆಯರಿಗಾಗುವ ಕಿರುಕುಳಕ್ಕೆ. ಮಗುವಿನ ಮೇಲಿನ ಅಪರಾಧದಲ್ಲಿ ತನಿಖೆ ಮಾಡುವವರು ಪೊಲೀಸರು. ಶಾಲೆ ಮೊದಲು ಸತ್ಯ ಪತ್ತೆ ಹಚ್ಚಿ ಆಮೇಲೆ ದೂರು ಕೊಡುತ್ತೇನೆ ಎಂದು ಹೊರಟರೆ ಸಾಕ್ಷ್ಯ ಹಾಳಾಗುತ್ತದೆ, ಆರೋಪಿಗೆ ಸಮಯ ಸಿಗುತ್ತದೆ.

ಮಕ್ಕಳ ಸಂಪರ್ಕಕ್ಕೆ ಬರುವ ಎಲ್ಲ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು 2020ರ ಪೋಕ್ಸೊ ನಿಯಮಗಳು ಕಡ್ಡಾಯ ಮಾಡಿವೆ. ಮಾಡಿಸಿ. ಆದರೆ ಸರ್ಟಿಫಿಕೇಟ್ ಕೈಗೆ ಬಂತೆಂದು ನಿರಾಳರಾಗಬೇಡಿ. ಅದು ಹೇಳುವುದು ಹಿಂದೆ ಕೇಸು ದಾಖಲಾಗಿತ್ತೇ ಎಂಬುದನ್ನಷ್ಟೇ.

ಮಕ್ಕಳ ಕೈಯಲ್ಲಿ ಶಾಲೆಯ ನಕ್ಷೆ

ನಾಲ್ಕೈದು ಮಕ್ಕಳ ಗುಂಪಿಗೊಂದು ಚಾರ್ಟ್ ಪೇಪರ್ ಕೊಡಿ. ಗೇಟಿನಿಂದ ಶೌಚಾಲಯದವರೆಗೆ ಶಾಲೆಯ ನಕ್ಷೆ ಬರೆದು, ಹೋಗಲು ಇಷ್ಟವಿಲ್ಲದ ಜಾಗಕ್ಕೆ ಕೆಂಪು ಬಣ್ಣ ಹಚ್ಚಲಿ. ಕಾರಣ ಕೇಳಬೇಡಿ. ಹುಡುಗರು, ಹುಡುಗಿಯರು ಬೇರೆ ಬೇರೆ ಗುಂಪು. ಶೌಚಾಲಯದ ಹಿಂಬದಿ, ನೀರಿನ ಟ್ಯಾಂಕಿನ ಸಂದಿ, ಆಟದ ಸಾಮಾನಿನ ಕೋಣೆ, ವ್ಯಾನಿನ ಕೊನೆ ಸೀಟು ಮತ್ತೆ ಮತ್ತೆ ಕೆಂಪಾಗಬಹುದು. ಚಿಲಕ, ಬಲ್ಬು, ಬೀಗ, ವ್ಯಾನಿನಲ್ಲಿ ಕೊನೆಯ ಮಗು ಇಳಿಯುವವರೆಗೂ ಒಬ್ಬ ಮಹಿಳಾ ಸಹಾಯಕಿ: ಇವು ದೊಡ್ಡ ಖರ್ಚಿನ ಕೆಲಸಗಳಲ್ಲ. ಒಂದೇ ಜಾಗ ಮೂರು ಗುಂಪುಗಳಲ್ಲಿ ಕೆಂಪಾಗಿದ್ದರೆ ಅಲ್ಲಿ ಬಲ್ಬು ಮಾತ್ರ ಕೆಟ್ಟಿದೆ ಎಂದುಕೊಳ್ಳಬೇಡಿ.

ತರಗತಿಯ ಪಾಠ

40 ನಿಮಿಷದ ಒಂದು ಪೀರಿಯಡ್, 30ಕ್ಕಿಂತ ಹೆಚ್ಚಿಲ್ಲದ ಮಕ್ಕಳು, ಇಬ್ಬರು ಶಿಕ್ಷಕರು. ಒಬ್ಬರು ಪಾಠ ಮಾಡಿದರೆ ಇನ್ನೊಬ್ಬರು ಮುಖಗಳನ್ನು ನೋಡುತ್ತಿರಲಿ.

‘ಕೆಟ್ಟ ಸ್ಪರ್ಶ’ ಎಂಬ ಮಾತಿನಲ್ಲೇ ಒಂದು ತೊಡಕಿದೆ. ಚಾಕೊಲೇಟ್ ಕೊಟ್ಟು, ಕಚಗುಳಿ ಇಟ್ಟು ಮುಟ್ಟುವವನ ಸ್ಪರ್ಶ ಮಗುವಿಗೆ ಕೆಟ್ಟದ್ದು ಅನ್ನಿಸದೇ ಹೋಗಬಹುದು. ಮೈ ಮುಟ್ಟದೆ ಮೊಬೈಲಿನಲ್ಲಿ ಅಶ್ಲೀಲ ಚಿತ್ರ ತೋರಿಸುವುದೂ ದೌರ್ಜನ್ಯವೇ. ಅನ್ನಿಸಿಕೆಗಿಂತ ನಿಯಮ ಹೇಳಿಕೊಡಿ: ಚಡ್ಡಿ, ಬನಿಯನ್ ಮುಚ್ಚುವ ಜಾಗವನ್ನು ಯಾರೂ ನೋಡಬಾರದು, ಮುಟ್ಟಬಾರದು, ಅವರದನ್ನು ಮುಟ್ಟು ಎನ್ನಬಾರದು, ಫೋಟೊ ತೆಗೆಯಬಾರದು. ಸ್ನಾನ ಮಾಡಿಸುವ ಅಮ್ಮ, ಅಮ್ಮನ ಎದುರಿಗೆ ಪರೀಕ್ಷಿಸುವ ಡಾಕ್ಟರು ಬೇರೆ.

ಅಂಗಗಳ ಹೆಸರು ಹೇಳಲು ನಾಚಬೇಡಿ. ‘ಶೇಮ್ ಶೇಮ್’ ಎಂದು ಕಲಿತ ಮಗು ನಾಳೆ ‘ಅಲ್ಲಿ ಮುಟ್ಟಿದ್ರು’ ಎಂದಷ್ಟೇ ಹೇಳೀತು; ಎಲ್ಲಿ ಎಂಬುದು ಹೇಳಿಕೆಯಲ್ಲಿ ಬರುವುದೇ ಇಲ್ಲ. ಶಿಶ್ನ, ಯೋನಿ, ಎದೆ, ಕುಂಡಿ ಎಂಬ ಪದಗಳನ್ನು ಮೂಗು, ಮೊಣಕೈಗಳ ಜೊತೆಗೇ, ಅದೇ ದನಿಯಲ್ಲಿ ಹೇಳಿ. ಮೊದಲ ಎರಡು ನಿಮಿಷ ನಗು ಬರುತ್ತದೆ, ಬರಲಿ.

‘ಬೇಡ ಅನ್ನು, ಕೂಗು, ಓಡು’ ಎಂಬ ಮೂರೇ ಮಾತಿಗೆ ನಿಲ್ಲಿಸಿದರೆ, ಕೂಗಲಾಗದೆ ಮರಗಟ್ಟಿ ನಿಂತ ಮಗು ತಪ್ಪು ತನ್ನದೇ ಎಂದುಕೊಳ್ಳುತ್ತದೆ. ‘ಕೂಗೋಕೆ ಆಗದಿದ್ರೂ, ಎಷ್ಟೇ ದಿನ ಆಗಿದ್ರೂ ನೀನು ಬಂದು ಹೇಳಬಹುದು, ತಪ್ಪು ನಿಂದಲ್ಲ’ ಎಂಬುದನ್ನೂ ಸೇರಿಸಿ. ಕೊನೆಗೆ ಪ್ರತಿ ಮಗುವೂ ಅಂಗೈ ಚಿತ್ರ ಬರೆದು, ಐದು ಬೆರಳಿಗೆ ತಾನು ನಂಬುವ ಐವರು ದೊಡ್ಡವರ ಹೆಸರು ಬರೆಯಲಿ. ಮನೆಯ ಹೊರಗಿನವರು ಇಬ್ಬರಾದರೂ ಇರಲಿ, ಏಕೆಂದರೆ ಕಷ್ಟ ಮನೆಯೊಳಗೇ ಇರಬಹುದು. ಒಬ್ಬರು ನಂಬದಿದ್ದರೆ ಮುಂದಿನ ಬೆರಳು. ಅಂಗೈ ನಡುವೆ ಮಕ್ಕಳ ಸಹಾಯವಾಣಿ 1098.

ದೂರು ಪೆಟ್ಟಿಗೆ ಅನೇಕ ಕಡೆ ಖಾಲಿ ಇರುವುದು ಅದು ಹೆಡ್‌ಮಾಸ್ಟರ್ ಕೋಣೆಯ ಎದುರಿಗೇ ಇರುವುದರಿಂದ. ಚೀಟಿ ಹಾಕಿದವರು ಯಾರೆಂದು ಎಲ್ಲರಿಗೂ ಕಾಣುತ್ತದೆ. ಶನಿವಾರ ಎಲ್ಲ ಮಕ್ಕಳಿಗೂ ಒಂದೊಂದು ಚೀಟಿ ಕೊಡಿ, ಎಲ್ಲರೂ ಹಾಕಲಿ. ಹೇಳಲು ಏನೂ ಇಲ್ಲದವರು ಸಾಂಬಾರಿನ ಬಗ್ಗೆ ಬರೆಯಲಿ. ಬೀಗಕ್ಕೆ ಎರಡು ಕೀಲಿ, ಇಬ್ಬರ ಕೈಯಲ್ಲಿ. ಅದೇ ದಿನ ತೆರೆಯಿರಿ.

ಮಗು ಹೇಳಿದಾಗ

‘ಮಿಸ್, ನಾನು ಆ ವ್ಯಾನಲ್ಲಿ ಹೋಗಲ್ಲ.’ ಮಾತು ಇಷ್ಟು ಚಿಕ್ಕದಾಗಿ ಬರುತ್ತದೆ. ‘ಯಾಕೆ, ಡ್ರೈವರ್ ಏನಾದ್ರೂ ಮಾಡಿದ್ನಾ, ಇಲ್ಲಿ ಮುಟ್ಟಿದ್ನಾ?’ ಎಂದರೆ ಉತ್ತರವನ್ನು ನೀವೇ ಮಗುವಿನ ಬಾಯಿಗೆ ಹಾಕಿದಂತಾಯಿತು. ಮುಂದೆ ನ್ಯಾಯಾಲಯದಲ್ಲಿ ಹೇಳಿಕೊಟ್ಟ ಮಾತು ಎಂಬ ವಾದಕ್ಕೆ ಇದೇ ದಾರಿ. ‘ಹೇಳಿದ್ದು ಒಳ್ಳೇದಾಯ್ತು ಪುಟ್ಟಾ. ಏನಾಯ್ತು, ನಿಂಗೆ ಹೇಳ್ಬೇಕು ಅನ್ಸಿದಷ್ಟು ಹೇಳು’ ಎಂದು ಸುಮ್ಮನಾಗಿ. ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ, ಉಳಿಸಿಕೊಳ್ಳಲಾಗದು. ಮಗು ಹೊರಟ ಮೇಲೆ ಅದರ ಮಾತನ್ನು ಅದು ಆಡಿದ ಹಾಗೆಯೇ ಬರೆದು, ದಿನಾಂಕ, ಸಮಯ ಹಾಕಿ. ‘ಅನುಚಿತವಾಗಿ ವರ್ತಿಸಿದರು’ ಎಂಬ ಕಚೇರಿ ಭಾಷೆ ಬೇಡ. ಇನ್ನೊಬ್ಬ ಶಿಕ್ಷಕರ ಮುಂದೆ ಮತ್ತೆ ಹೇಳಿಸುವುದು, ಆರೋಪಿಯನ್ನು ಎದುರು ನಿಲ್ಲಿಸುವುದು, ಊರಿನ ಹಿರಿಯರನ್ನು ಕೂಡಿಸಿ ರಾಜಿ ಮಾಡಿಸುವುದು ಇವಂತೂ ಕೂಡದೇ ಕೂಡದು.

ಅದೇ ದಿನ ಠಾಣೆಗೆ ತಿಳಿಸಿ, ತುರ್ತಿದ್ದರೆ 112. ಪೋಷಕರಿಗೂ ಹೇಳಿ; ಸಂಶಯ ಮನೆಯವರ ಮೇಲೇ ಇದ್ದರೆ ಅವರಿಗೆ ಫೋನ್ ಹೋಗಬಾರದು. ಪೋಷಕರು ‘ಮರ್ಯಾದೆ ಹೋಗುತ್ತೆ, ಬಿಡಿ’ ಎಂದರೂ ನಿಮ್ಮ ಕಾನೂನು ಹೊಣೆ ತಪ್ಪುವುದಿಲ್ಲ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟೂ ಪಿಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ, ಮಫ್ತಿಯಲ್ಲಿ ಬಂದು ಪಡೆಯಬೇಕು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸುವಂತಿಲ್ಲ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು. ಪ್ರಕರಣ ಮುಗಿಯುವವರೆಗೆ ಜೊತೆಗಿರಲು ಸಮಿತಿ ಒಬ್ಬ ಬೆಂಬಲ ವ್ಯಕ್ತಿಯನ್ನು ಕೊಡಬಹುದು. ಕೇಳಿ ಪಡೆಯಿರಿ.

ಘಟನೆ ಇತ್ತೀಚಿನದಾದರೆ ಸ್ನಾನ ಮಾಡಿಸಬೇಡಿ, ಬಟ್ಟೆ ಒಗೆಯಬೇಡಿ. ಬಟ್ಟೆಯನ್ನು ಕಾಗದದ ಚೀಲದಲ್ಲಿಡಿ, ಪ್ಲಾಸ್ಟಿಕ್‌ನಲ್ಲಿ ತೇವ ನಿಂತು ಬೂಸ್ಟು ಹಿಡಿಯುತ್ತದೆ. ಆಸ್ಪತ್ರೆಗೆ ಎಫ್‌ಐಆರ್‌ಗಾಗಿ ಕಾಯಬೇಕಿಲ್ಲ, ಎಚ್‌ಐವಿ ತಡೆ ಔಷಧ 72 ಗಂಟೆಯೊಳಗೆ ಶುರುವಾಗಬೇಕು. ಹೆಣ್ಣುಮಗುವನ್ನು ಪರೀಕ್ಷಿಸುವವರು ಮಹಿಳಾ ವೈದ್ಯರೇ ಆಗಿರಬೇಕು.

ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಅಂದೇ ಎಚ್ಚರಿಕೆ ಕೊಡಿ: ಮಗುವಿನ ಹೆಸರು, ಫೋಟೊ, ಮನೆ, ಶಾಲೆ ಯಾವುದನ್ನೂ ಬಹಿರಂಗಪಡಿಸುವುದು ಸೆಕ್ಷನ್ 23ರಡಿ ಅಪರಾಧ. ನ್ಯಾಯ ಕೇಳುವ ಪೋಸ್ಟರಿಗೂ ಇದು ಅನ್ವಯ.

ಮಗುವಿಗೆ ಟಿಸಿ ಕೊಟ್ಟು ಕೈತೊಳೆದುಕೊಳ್ಳುವ ಶಾಲೆಗಳಿವೆ. ಜಾಗ ಬಿಡಬೇಕಾದವರು ಮಗುವಲ್ಲ. ಅದು ತರಗತಿಗೆ ಮರಳುವ ಮೊದಲು ಎಲ್ಲಿ, ಯಾರ ಪಕ್ಕ ಕೂರುತ್ತೀಯ ಎಂದು ಅದನ್ನೇ ಕೇಳಿ. ಬಂದ ದಿನ ಚಪ್ಪಾಳೆ, ವಿಶೇಷ ಮುದ್ದು ಬೇಡ. ಹಾಜರಿ ಕೂಗುವಾಗ ಎಲ್ಲರಂತೆ ಅದರ ಹೆಸರನ್ನೂ ಕೂಗಿ, ಮುಂದಿನ ಹೆಸರಿಗೆ ಹೋಗಿ.