ಸಿ. ಎಲಿಗನ್ಸ್ ಹುಳದ ಆಕ್ಸಾನ್ ಲೇಸರ್‌ನಿಂದ ಕತ್ತರಿಸಿ, ಮತ್ತೆ ಬೆಳೆಯುತ್ತಾ ಅಂತ ನೋಡೋದು ಹೇಗೆ

ಲೇಸರ್ ಹೊಡೆಯೋದು ಕ್ಷಣದ ಕೆಲಸ, ಕಷ್ಟ ಇರೋದೆಲ್ಲಾ ಆಕ್ಸಾನ್ (ನರಕೋಶದ ಉದ್ದನೆ ಎಳೆ) ನಿಜವಾಗ್ಲೂ ತುಂಡಾಯ್ತಾ ಅಂತ ಖಾತ್ರಿ ಮಾಡ್ಕೊಳ್ಳೋದ್ರಲ್ಲಿ. ಈ ಹುಳ ಸುಮಾರು 1 ಮಿಲಿಮೀಟರ್ ಉದ್ದ, ಮೈಯೆಲ್ಲಾ ಪಾರದರ್ಶಕ, ನ್ಯೂರಾನ್ (ನರಕೋಶ) ಬರೀ 302, ಅದಕ್ಕೇ 2004ರಲ್ಲಿ ಫೆಮ್ಟೊಸೆಕೆಂಡ್ (ತೀರಾ ಚಿಕ್ಕ ಮಿಡಿತಗಳ) ಲೇಸರ್‌ನಿಂದ ಇದ್ರಲ್ಲಿ ಒಂದೊಂದೇ ಆಕ್ಸಾನ್ ಕತ್ತರಿಸಿ ಅದು ಮತ್ತೆ ಬೆಳೆಯುತ್ತೆ ಅಂತ ತೋರಿಸೋಕಾಯ್ತು.

ಗ್ಯಾಬಾ ಅನ್ನೋ ರಾಸಾಯನಿಕ ಬಿಟ್ಟು ಸ್ನಾಯುಗಳನ್ನ ನಿಯಂತ್ರಿಸೋ ಮೋಟರ್ ನ್ಯೂರಾನ್‌ಗಳಲ್ಲಿ ಜಿಎಫ್‌ಪಿ (ಹಸಿರಾಗಿ ಹೊಳೆಯೋ ಪ್ರೋಟೀನ್) ಹೊಳೆಯೋ ಸ್ಟ್ರೇನ್ (ಹುಳದ ತಳಿ) ತಗೊಳ್ಳಿ, ಎಲ್4 ಹಂತದ (ಕೊನೇ ಮರಿ ಹಂತ) ಹುಳಗಳನ್ನೇ ಆರಿಸಿ, ಯಾಕಂದ್ರೆ ವಯಸ್ಸಾದಷ್ಟೂ ಮರುಬೆಳವಣಿಗೆ ಕಡಿಮೆಯಾಗುತ್ತೆ, ವಯಸ್ಸು ಬೆರೆತುಹೋದ್ರೆ ಡೇಟಾನೇ ಹಾಳು. ಅಗರೋಸ್ (ಜೆಲ್ಲಿ ಥರದ್ದು) ಪ್ಯಾಡ್ ಮೇಲೆ ಸಣ್ಣ ಪಾಲಿಸ್ಟೈರೀನ್ ಮಣಿಗಳ ದ್ರಾವಣದ ಹನಿ ಹಾಕಿ, ಹುಳ ಬಿಟ್ಟು, ಕವರ್‌ಸ್ಲಿಪ್ ಮುಚ್ಚಿದ್ರೆ ಅಲ್ಲಾಡಲ್ಲ. ಲೆವಮಿಸೋಲ್ ಅನ್ನೋ ಔಷಧಿ ಹಾಕಿನೂ ನಿಲ್ಲಿಸ್ತಾರೆ, ಆದ್ರೆ ನನಗೆ ಮಣಿನೇ ಇಷ್ಟ, ಔಷಧಿ ಪರಿಣಾಮ ಏನಾದ್ರೂ ಸೇರ್ಕೊಂಡಿದ್ಯಾ ಅನ್ನೋ ಅನುಮಾನನೇ ಇರಲ್ಲ.

ಹೊಟ್ಟೆ ಕಡೆಯ ನರಹುರಿಯಿಂದ ಬೆನ್ನಿನ ಕಡೆ ಹೋಗೋ ಎಳೆನ ನಡುವೆ ಫೋಕಸ್ ಮಾಡಿ, ಪವರ್ ಕಡಿಮೆಯಿಂದ ಶುರು ಮಾಡಿ. ಗುಳ್ಳೆ ದೊಡ್ಡದಾಗಿ ಎದ್ರೆ ಸುತ್ತಲಿನ ಅಂಗಾಂಶನೂ ಸುಟ್ಟಿದೆ ಅಂತ ಅರ್ಥ, ಆ ಹುಳ ಬಿಟ್ಟುಬಿಡಿ.

ಈಗ ಮುಖ್ಯವಾದದ್ದು. ಲೇಸರ್ ಬಿದ್ದ ಜಾಗ ಕಪ್ಪಾದ ಮಾತ್ರಕ್ಕೆ ಕಟ್ ಆಯ್ತು ಅಂತಲ್ಲ, ಜಿಎಫ್‌ಪಿ ಬ್ಲೀಚ್ ಆಗಿದ್ರೂ (ಬೆಳಕಿಗೆ ಹೊಳಪು ಕಳ್ಕೊಂಡಿದ್ರೂ) ಹಂಗೇ ಕಾಣುತ್ತೆ. ಕೆಲವು ನಿಮಿಷ ಕಾಯಿರಿ, ಬ್ಲೀಚ್ ಆಗಿದ್ರೆ ಅಕ್ಕಪಕ್ಕದ ಜಿಎಫ್‌ಪಿ ಹರಿದುಬಂದು ಎಳೆ ಮತ್ತೆ ಬೆಳಗುತ್ತೆ, ತುಂಡಾಗಿದ್ರೆ ತುದಿಗಳು ಹಿಂದಕ್ಕೆ ಸರಿದು ಸಂದು ಅಗಲ ಆಗ್ತಾ ಹೋಗುತ್ತೆ.

ಆಮೇಲೆ ಕವರ್‌ಸ್ಲಿಪ್ ಎಳೀಬೇಡಿ, ಬದಿಗೆ ಬಫರ್ ಹನಿ ಬಿಟ್ಟು ಸಡಿಲ ಮಾಡಿ ಎತ್ತಿ, ಹುಳಾನ ಓಪಿ50 ಬ್ಯಾಕ್ಟೀರಿಯಾ (ಹುಳದ ಆಹಾರ) ಇರೋ ಪ್ಲೇಟಿಗೆ ಹಾಕಿ 20 ಡಿಗ್ರಿಯಲ್ಲಿ ಬಿಡಿ. 24 ಗಂಟೆ ಆದ್ಮೇಲೆ ಗ್ರೋತ್ ಕೋನ್ (ಬೆಳೆಯೋ ಎಳೆಯ ಅಗಲವಾದ ತುದಿ) ಬಂದಿದ್ಯಾ, ಬೆನ್ನಿನ ನರಹುರಿ ತಲುಪಿದ್ಯಾ, ಬರೀ ಮೊಂಡಾಗಿ ನಿಂತಿದ್ಯಾ ಅಂತ ಬರ್ಕೊಳ್ಳಿ. ಬರ್ಕೊಳ್ಳೋರಿಗೆ ಯಾವ ಸ್ಟ್ರೇನ್ ಅಂತ ಗೊತ್ತಿರಬಾರ್ದು, ಪ್ಲೇಟಿಗೆ ಕೋಡ್ ಹಾಕಿಸಿ, ಏನು ಕಾಣಬೇಕು ಅಂತ ಮೊದ್ಲೇ ಗೊತ್ತಿದ್ರೆ ಕಣ್ಣು ಅದನ್ನೇ ಹುಡುಕುತ್ತೆ.

ಅದೇ ದಿನ ಹೋಲಿಕೆಗೆ ವೈಲ್ಡ್ ಟೈಪ್ (ಜೀನ್ ಬದಲಾಗದ ಸಾಮಾನ್ಯ) ಹುಳಗಳ ಆಕ್ಸಾನೂ ಕತ್ತರಿಸಿ, ಜೊತೆಗೆ ಮರುಬೆಳವಣಿಗೆಗೆ ಬೇಕಾದ ಡಿಎಲ್‌ಕೆ-1 ಜೀನ್ ಕೆಟ್ಟಿರೋ ಸ್ಟ್ರೇನ್ ಇಟ್ಕೊಳ್ಳಿ. ಅದ್ರಲ್ಲಿ ಈ ನ್ಯೂರಾನ್‌ಗಳು ಹೆಚ್ಚುಕಮ್ಮಿ ಬೆಳೆಯೋದೇ ಇಲ್ಲ, ಅಲ್ಲೂ ಚೆನ್ನಾಗಿ ಬೆಳೆದಂಗೆ ಕಂಡ್ರೆ ನಿಮ್ಮ ಕಟ್ ಸರಿಯಾಗಿಲ್ಲ ಅಂತ್ಲೇ ಮೊದ್ಲು ಅನುಮಾನಪಡಿ.