ಊಟ ಚೆನ್ನಾಗಿ ಅರಗಬೇಕಾದರೆ ಏನು ಮಾಡಬೇಕು, ಏನು ಬಿಡಬೇಕು

ಅಜೀರ್ಣ ಆದಾಗ ಎಲ್ಲರೂ ಹೊಟ್ಟೆಯನ್ನೇ ದೂರುತ್ತಾರೆ. ಆದರೆ ಹೊಟ್ಟೆ ನಮ್ಮ ಮಾತು ಕೇಳುವುದಿಲ್ಲ. ತುತ್ತು ಗಂಟಲು ದಾಟಿತು ಅಂದರೆ ಮುಂದಿನದೆಲ್ಲ ತಾನಾಗಿಯೇ ನಡೆಯುತ್ತದೆ. ನಮ್ಮ ಹಿಡಿತ ಇರುವುದು ಶುರುವಿನಲ್ಲಿ ಬಾಯಿ, ಕೊನೆಯಲ್ಲಿ ಶೌಚ, ಇವೆರಡರ ಮೇಲೆ ಮಾತ್ರ. ಅಲ್ಲಿ ಸರಿಯಾಗಿದ್ದು, ನಡುವೆ ಅಡ್ಡ ಬರದಿದ್ದರೆ ಬಹಳಷ್ಟು ತೊಂದರೆ ತಪ್ಪುತ್ತದೆ.

ಮೊದಲು ಅಗಿಯುವುದನ್ನು ಕಲಿಯಿರಿ. ಸಿಹಿಯಿಲ್ಲದ ಬ್ರೆಡ್ಡಿನ ಚೂರೊಂದನ್ನು ಬಾಯಿಗೆ ಹಾಕಿಕೊಂಡು, ನುಂಗದೆ, ಒಂದೆರಡು ನಿಮಿಷ ಅಗಿಯುತ್ತಲೇ ಇರಿ. ನಿಧಾನಕ್ಕೆ ಸಿಹಿ ಹತ್ತುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಆಗಲೇ ಸಕ್ಕರೆಯಾಗಿ ಒಡೆಯುತ್ತಿದೆ, ಅಂದರೆ ಜೀರ್ಣ ಶುರುವಾಗುವುದೇ ಬಾಯಲ್ಲಿ. ಗಬಗಬ ನುಂಗಿದರೆ ಈ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಗಾಳಿಯೂ ಒಳಗೆ ಹೋಗಿ ತೇಗು ಜಾಸ್ತಿ ಆಗುತ್ತದೆ.

ನುಂಗಿದ ತುತ್ತನ್ನು ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳ ಹಿಂಡಿ ಹಿಂಡಿ ಕೆಳಗೆ ತಳ್ಳುತ್ತದೆ. ಜಠರ ಅದನ್ನು ಆಮ್ಲದಲ್ಲಿ ಕಲಸಿ ಗಂಜಿಯಂತೆ ಮಾಡಿ, ಸ್ವಲ್ಪ ಸ್ವಲ್ಪವಾಗಿ ಮುಂದಕ್ಕೆ ಬಿಡುತ್ತದೆ. ಸಾಮಾನ್ಯ ಊಟಕ್ಕೆ 2ರಿಂದ 4 ಗಂಟೆ, ಜಿಡ್ಡು ಜಾಸ್ತಿ ಇದ್ದರೆ ಇನ್ನೂ ಹೊತ್ತು ಬೇಕು. ಅದಕ್ಕೇ ಉಂಡ ತಕ್ಷಣ ಮಲಗಬೇಡಿ, 2-3 ಗಂಟೆ ಬಿಡಿ. ಜಠರದ ಬಾಯಿ ಬಿಗಿಯಾಗಿ ಮುಚ್ಚದಿದ್ದರೆ ಮಲಗಿದಾಗ ಆಮ್ಲ ಮೇಲೆ ಬಂದು ಎದೆ ಉರಿಯುತ್ತದೆ. ಮಲಗಲೇಬೇಕು ಅಂದರೆ ಎಡಮಗ್ಗುಲಿಗೆ ಮಲಗಿ, ಆಗ ಜಠರ ಅನ್ನನಾಳಕ್ಕಿಂತ ಕೆಳಗಿರುತ್ತದೆ.

ನಿಜವಾದ ಕೆಲಸ ನಡೆಯುವುದು ಸಣ್ಣ ಕರುಳಿನಲ್ಲಿ. ಹೆಸರಿಗೆ ಸಣ್ಣದು, ಉದ್ದ ಸುಮಾರು 6 ಮೀಟರ್! ಪಿತ್ತರಸ ಜಿಡ್ಡನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ, ಮೇದೋಜೀರಕ ಗ್ರಂಥಿಯ ರಸ ಆಮ್ಲವನ್ನು ತಣಿಸಿ ಉಳಿದದ್ದನ್ನು ಕರಗಿಸುತ್ತದೆ, ಸಾರವೆಲ್ಲ ಕರುಳಿನ ಗೋಡೆಯ ಮೂಲಕ ರಕ್ತಕ್ಕೆ ಸೇರುತ್ತದೆ. ಹೊಟ್ಟೆ ಖಾಲಿಯಿದ್ದಾಗ ಸುಮಾರು ಒಂದೂವರೆ-ಎರಡು ಗಂಟೆಗೊಮ್ಮೆ ಅಲೆಯೊಂದು ಎದ್ದು ಅಳಿದುಳಿದದ್ದನ್ನು ಗುಡಿಸಿಕೊಂಡು ಹೋಗುತ್ತದೆ. ಖಾಲಿ ಹೊಟ್ಟೆ ಗುರುಗುಟ್ಟುವುದು ಹೆಚ್ಚಾಗಿ ಇದರಿಂದಲೇ. ಸುಮ್ನೆ ಏನಾದರೂ ಬಾಯಾಡಿಸುತ್ತಲೇ ಇದ್ದರೆ ಈ ಗುಡಿಸುವ ಕೆಲಸ ನಿಂತುಹೋಗುತ್ತದೆ. ಊಟ-ಊಟದ ನಡುವೆ ಮೂರ್ನಾಲ್ಕು ಗಂಟೆ ಬಿಟ್ಟರೆ ಒಳ್ಳೆಯದು, ಆದರೆ ಸಕ್ಕರೆ ಕಾಯಿಲೆ ಇರುವವರು ಡಾಕ್ಟರ್ ಹೇಳಿದ ಹೊತ್ತಿಗೇ ತಿನ್ನಬೇಕು.

ಇನ್ನು ದೊಡ್ಡ ಕರುಳು. ಇದು ನೀರು ಹೀರುತ್ತದೆ, ಇಲ್ಲಿರುವ ಬ್ಯಾಕ್ಟೀರಿಯಾ ನಾರಿನಂಶವನ್ನು ತಿಂದು ಬದುಕುತ್ತವೆ. ನಾರು ಹೆಚ್ಚಿಸುವುದಾದರೆ ಒಂದೇ ಸಲ ಬೇಡ, ಗ್ಯಾಸ್ ತುಂಬಿಕೊಳ್ಳುತ್ತದೆ. ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಏರಿಸಿ, ಜೊತೆಗೆ ನೀರು ಕುಡಿಯಿರಿ. ಜಠರಕ್ಕೆ ಊಟ ಬಿದ್ದಾಗ ದೊಡ್ಡ ಕರುಳೂ ಅಲುಗುತ್ತದೆ, ಬೆಳಗಿನ ತಿಂಡಿ ಆದಮೇಲೆ ಒತ್ತಡ ಬರುವುದು ಇದಕ್ಕೇ. ಆಗ ಎದ್ದು ಹೋಗಿಬಿಡಿ. ತಡೆದಷ್ಟೂ ಕರುಳು ಇನ್ನಷ್ಟು ನೀರು ಹೀರಿ ಮಲ ಗಟ್ಟಿಯಾಗುತ್ತದೆ, ಆಮೇಲೆ ತಿಣುಕಬೇಕಾಗುತ್ತದೆ, ಅಲ್ವಾ? ಕಮೋಡ್ ಬಳಸುವವರು ಕಾಲಡಿಗೆ ಸಣ್ಣ ಸ್ಟೂಲ್ ಇಟ್ಟುಕೊಂಡರೆ ಸಲೀಸು.

ಮಲದಲ್ಲಿ ರಕ್ತ, ಟಾರಿನಂತೆ ಕಪ್ಪಾದ ಮಲ, ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು: ಇವುಗಳಲ್ಲಿ ಒಂದು ಕಂಡರೂ ಮನೆಮದ್ದು ಮಾಡುತ್ತಾ ಕೂರಬೇಡಿ, ಡಾಕ್ಟರ್‌ಗೆ ತೋರಿಸಿ.