ರೊಟ್ಟಿ ತೂಗಬ್ಯಾಡ್ರಿ, ಹಿಟ್ಟ ತೂಗ್ರಿ

ಹೋದ ತಿಂಗಳ ನನ್ನ ಎಚ್‌ಬಿಎಒನ್‌ಸಿ, ಅಂದ್ರ ಎರಡ ಮೂರ ತಿಂಗಳ ಸರಾಸರಿ ಶುಗರ್ ತೋರಿಸೂ ರಕ್ತದ ಟೆಸ್ಟು, 7.1 ಬಂತು. ಒಂದೂವರಿ ವರ್ಷದ ಹಿಂದ 9.6 ಇತ್ತು. ಅದೇ ಇನ್ಸುಲಿನ್, ಅದೇ ಡಾಕ್ಟರು, ಅದೇ ಊಟ. ಬದಲಾಗಿದ್ದು ರೊಟ್ಟಿ ಲೆಕ್ಕ ಒಂದ. ನಮ್ಮ ಕಡೆ ಊಟಕ್ಕ ಕಾರ್ಬ್ ಲೆಕ್ಕ, ಅಂದ್ರ ಉಣ್ಣೂದ್ರಾಗಿನ ಕಾರ್ಬೋಹೈಡ್ರೇಟ್ ಎಣಿಸಿ ಅದಕ್ಕ ತಕ್ಕಂಗ ಇನ್ಸುಲಿನ್ ತಗೋಳೂದು, ಹತ್ತೂದಿಲ್ಲ, ಅದೇನಿದ್ರೂ ಬ್ರೆಡ್ ತಿನ್ನೋರಿಗೆ ಅಂತ ಎಷ್ಟ ಮಂದಿ ಹೇಳಿದ್ರೋ, ಅವರಿಗೆಲ್ಲಾ ರಿಪೋರ್ಟ್ ತೋರಿಸ್ಬೇಕು ಅನ್ನಿಸ್ತು, ಅದಕ್ಕ ಬರಿಯಾಕತ್ತೀನಿ.

ನಂದು ಟೈಪ್ ಒನ್ ಡಯಾಬಿಟಿಸ್, 24ನೇ ವಯಸ್ಸಿನಾಗ ಬಂತು, ಈಗ 17 ವರ್ಷ ಆತು. ಗದಗ ಬೆಟಗೇರಿಯೊಳಗ ಮನ್ಯಾಗ ರೊಟ್ಟಿ ಬಡದು ಖಾನಾವಳಿಗೆ, ಮದುವಿ ಮನಿಗೆ ಕೊಡ್ತೀನಿ. ಹಿಟ್ಟಿನ ವಿಚಾರದಾಗ ನಂಗ ಯಾರೂ ಹೇಳಿಕೊಡಬೇಕಾಗಿಲ್ಲ, ಆದ್ರ ಅದೇ ಹಿಟ್ಟಿನ ಲೆಕ್ಕ ಇನ್ಸುಲಿನ್ನಿಗೆ ಹಚ್ಚಬೇಕು ಅಂತ ಹೊಳಿಯಾಕ ಇಷ್ಟ ವರ್ಷ ಬೇಕಾತು.

ಮೊದಲ ಹತ್ತ ವರ್ಷ 30/70 ಮಿಕ್ಸ್, ಅಂದ್ರ ಗಡಾನ ಕೆಲಸ ಮಾಡೂದು ನಿಧಾನದ್ದು ಎರಡೂ ಕೂಡಿಸಿದ ಇನ್ಸುಲಿನ್, ಮುಂಜಾನಿ ಸಂಜಿ. ಇನ್ಸುಲಿನ್ ಹೇಳಿದಂಗ ನಾನು ಉಣಬೇಕಿತ್ತು, ಹಸಿವಿ ಇರ್ಲಿ ಬಿಡ್ಲಿ. ಒಮ್ಮೆ ಒಂದ ಮೆಡಿಕಲ್ ಅಂಗಡ್ಯಾಗ ಕೆಂಪ ಟೊಪ್ಪಗಿ 40ರ ಸಿರಿಂಜ್ ಬದ್ಲಿ 100ರದ್ದು ಕೊಟ್ಟಬಿಟ್ಟಾರ, ಬಾಟ್ಲಿ 40ರದ್ದು (ಒಂದ ಎಂಎಲ್‌ನಾಗ 40 ಯೂನಿಟ್), 20ರ ಗೀಟಿನ ತನಕ ಎಳಕೊಂಡ್ರ ಒಳಗ ಹೋಗಿದ್ದು 8 ಯೂನಿಟ್ ಅಷ್ಟ. ನಾಕ ದಿನ 400ರ ಮ್ಯಾಲೆ ಶುಗರ್, ಆ ನಾಕೂ ದಿನ ಮನ್ಯಾಗ ನೀ ಏನರ ಕದ್ದ ತಿಂದಿ ಅಂತ ಬೈಸ್ಕೊಂಡೆ. ಆವಾಗಿಂದ ಬಾಟ್ಲಿ ಮ್ಯಾಲಿನ ನಂಬರು ಸಿರಿಂಜಿನ ಮ್ಯಾಲಿನ ನಂಬರು ಎರಡೂ ಓದದ ಚುಚ್ಚಿಕೊಂಡಿಲ್ಲ.

ಆಮ್ಯಾಲೆ ರಾತ್ರಿ ದಿನವಿಡೀ ನಿಧಾನ ಕೆಲಸ ಮಾಡೂ ಗ್ಲಾರ್ಜಿನ್, ಊಟದ ಮುಂದ ಗಡಾನ ಕೆಲಸ ಮಾಡೂ ರ್‍ಯಾಪಿಡ್ ಇನ್ಸುಲಿನ್ ಅಂತ ಬದಲಾತು. ಖರ್ಚು ಮೂರು ಪಟ್ಟು. ಉಂಡಷ್ಟಕ್ಕ ತಗೋಬಹುದು ಅಂದ್ರು ಡಾಕ್ಟರು, ಖುಷಿ ಆತು. ನಂದು ದಿನಕ್ಕ ಒಟ್ಟು 46 ಯೂನಿಟ್ ಇತ್ತು, 500ನ್ನ 46ರಿಂದ ಭಾಗ್ಸಿ ಯೂನಿಟ್ಟಿಗೆ ಸುಮಾರು 11 ಗ್ರಾಂ ಕಾರ್ಬ್, 1800ನ್ನ ಭಾಗ್ಸಿ ಯೂನಿಟ್ಟಿಗೆ ಶುಗರ್ ಸುಮಾರು 40 ಇಳಿತೈತಿ ಅಂತ ಅವರ ಬರದುಕೊಟ್ರು. ನಾನು ಮೊಬೈಲಿನಾಗ ಒಂದ ಆ್ಯಪ್ ಹಾಕ್ಕೊಂಡೆ, ಅದ್ರಾಗ ಒಂದ ರೋಟಿ ಅಂದ್ರ 15 ಗ್ರಾಂ. ಎರಡ ರೊಟ್ಟಿಗೆ 30, ಮೂರ ಯೂನಿಟ್. ಎರಡ ತಾಸಿಗೆ ನೋಡಿದ್ರ 250, 260. ದಿನಾ ಹಂಗ. ಸಿಟ್ಟಿಗೆದ್ದು ಮತ್ತ ನಾಕ ಯೂನಿಟ್ ಹಾಕೂದು, ಹಿಂದಿನ ಡೋಸ್ ಒಳಗ ಇನ್ನೂ ಕೆಲಸ ಮಾಡ್ತಿರತೈತಿ, ಅದೂ ಇದೂ ಕೂಡಿ ಶುಗರ್ ಬಾಳ ಇಳಿದು ನಡುಮಧ್ಯಾಹ್ನ ಬೆವತ ಬೀಳೂದು. ನಾಕ ತಾಸ ಆಗದ ಕರೆಕ್ಷನ್, ಅಂದ್ರ ಏರಿದ ಶುಗರ್ ಇಳಿಸೂ ಡೋಸ್, ಹಾಕಬಾರದು ಅನ್ನೂದನ್ನ ಹಿಂಗ ಬಿದ್ದ ಬಿದ್ದ ಕಲ್ತೆ. ಅತ್ತಿಯವರು ಅಂತೂ ಜ್ವಾಳದ ರೊಟ್ಟಿಗೆ ಶುಗರ್ ಏರೂದೇ ಇಲ್ಲ, ಇದೆಲ್ಲಾ ಆ ಸೂಜಿದ ಕಾಟ ಅಂತಿದ್ರು. ನಮ್ಮ ಓಣ್ಯಾಗ ಅರ್ಧಮಂದಿ ಇವತ್ತಿಗೂ ಹಂಗ ತಿಳಕೊಂಡಾರ.

ಆ್ಯಪಿನ ರೋಟಿ ಅಂದ್ರ ಅಂಗೈಯಷ್ಟ ಗೋದಿ ಫುಲ್ಕಾ. ನಮ್ಮ ರೊಟ್ಟಿ ಪರಾತದಷ್ಟ ಇರತೈತಿ. ಇದು ತಲ್ಯಾಗ ಹೊಳದ ಕೂಡ್ಲೇ 400 ರೂಪಾಯಿ ಕೊಟ್ಟು ತಕ್ಕಡಿ ತಂದು ರೊಟ್ಟಿ ತೂಗಿದೆ. ತಪ್ಪಾಗಿದ್ದು ಅಲ್ಲೇ. ಬಿಸಿ ಮೆತ್ತನ್ನ ರೊಟ್ಟಿ 80 ಗ್ರಾಂ ತೂಗತೈತಿ, ಅದ್ರಾಗ ಎಸರಿನ ನೀರ ಎಷ್ಟು, ಬಡಿಯೂ ಮುಂದ ಹಚ್ಚಿದ ನೀರ ಎಷ್ಟು, ಹಂಚಿನ ಮ್ಯಾಲೆ ಹಾರಿಹೋಗಿದ್ದ ಎಷ್ಟು, ದಿನಾ ಬ್ಯಾರೆ ಬ್ಯಾರೆ. ಒಂದ ತಿಂಗಳ ತೂಗಿದೆ, ನೋಟ್‌ಬುಕ್ ತುಂಬ ಬರದೆ, ತಾಳ ಕೂಡ್ಲಿಲ್ಲ.

ಒಂದಿನ ಮದುವಿ ಆರ್ಡರ್ ಇತ್ತು, ಐದ ಕಿಲೋ ಹಿಟ್ಟಿಗೆ ಎಷ್ಟ ರೊಟ್ಟಿ ಆಗತಾವ ಅಂತ ಗಿರಾಕಿಗೆ ಫೋನಿನಾಗ ಹೇಳಾಕತ್ತಿದ್ದೆ, ಕಿಲೋಕ್ಕ 20 ಅಂತ ಬಾಯಾಗ ಬಂತು, ಫೋನ್ ಕೈಯಾಗ ಹಿಡಕೊಂಡೇ ಲೆಕ್ಕ ಹತ್ತಿತು. ನೀರಿಗೆ ಕಾರ್ಬ್ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಾಗ ತಗದ ಪಟ್ಟಿಯೊಳಗ ನೂರು ಗ್ರಾಂ ಜ್ವಾಳಕ್ಕ ಹೆಚ್ಚುಕಮ್ಮಿ 68 ಗ್ರಾಂ ಕಾರ್ಬ್ ಐತಿ. ಕಿಲೋಕ್ಕ 680, ಇಪ್ಪತ್ತ ರೊಟ್ಟಿ ಆದ್ರ ಒಂದಕ್ಕ 34. ಎರಡಕ್ಕ 68, ಆರ ಯೂನಿಟ್. ನಾನು ವರ್ಷಗಟ್ಟಲೆ ಮೂರ ಹಾಕ್ಕೊಂತ ಬಂದಿದ್ದೆ! ಡಾಕ್ಟರಿಗೆ ತೋರಿಸ್ದೆ, ಅವರು ಒಮ್ಮೆಲೆ ಏರಿಸಬ್ಯಾಡಮ್ಮ, ಒಂದೊಂದ ಯೂನಿಟ್ ಏರಿಸಿ ನೋಡು ಅಂದ್ರು. ಎರಡ ವಾರದಾಗ ಮಧ್ಯಾಹ್ನದ್ದು 150ಕ್ಕ ಬಂದ ನಿಂತಿತು.

ಆ ಖುಷ್ಯಾಗ ಮಾಡಿದ ತಪ್ಪ ಇನ್ನೂ ದೊಡ್ಡದು. ಹುಬ್ಬಳ್ಳಿಗೆ ರೊಟ್ಟಿ ಕೊಡಾಕ ಹೊಂಟಿದ್ದೆ, ಅವಸರದಾಗ ಎರಡ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಉಂಡು ಅದೇ ಆರ ಯೂನಿಟ್ ಹಾಕ್ಕೊಂಡು ಬಸ್ ಹತ್ತಿದೆ. ಕಡಕ್ ರೊಟ್ಟಿ ತೆಳ್ಳಗ, ಕಿಲೋಕ್ಕ 32 ಆಗತಾವ, ಒಂದಕ್ಕ 21 ಗ್ರಾಂ ಅಷ್ಟ, ನಾಕ ಯೂನಿಟ್ ಸಾಕಿತ್ತು. ಅಣ್ಣಿಗೇರಿ ದಾಟೂದ್ರಾಗ ಕೈ ನಡುಗಾಕ ಹತ್ತಿದವು, ಶುಗರ್ ಬಾಳ ಇಳಿದಿತ್ತು, ಮೀಟರ್ 52 ತೋರಿಸ್ತು. ಬಾಜೂಕ ಕುಂತ ಅಜ್ಜಾರು ತಮ್ಮ ಚೀಲದಾಗಿನ ಪೇಢೆ ಕೊಟ್ರು, ಎರಡ ತಿಂದೆ, ಕಾಲ ತಾಸಾದ್ರೂ 55. ಪೇಢೆದಾಗಿನ ಖೋವಾದ ಕೊಬ್ಬು ಸಕ್ರಿನ್ನ ಗಡಾನ ಬಿಡೂದಿಲ್ಲ, ಮತ್ತ ಎರಡ ತಿಂದೆ, ಹುಬ್ಬಳ್ಳ್ಯಾಗ ಇಳಿದಾಗ 240. ಈಗ ಪರ್ಸಿನಾಗ ಗ್ಲೂಕೋಸ್ ಪುಡಿ ಪೊಟ್ಟಣ, ಒಂದೊಂದ್ರಾಗ 15 ಗ್ರಾಂ ತೂಗಿ ಕಟ್ಟಿದ್ದು, ಯಾವಾಗ್ಲೂ ಇರತೈತಿ.

ರೊಕ್ಕದ ಮಾತ ಹೇಳಲೇಬೇಕು. ಈ ಲೆಕ್ಕ ಕುಂದ್ರಿಸಾಕ ಮೂರ ತಿಂಗಳ ದಿನಕ್ಕ ಏಳೆಂಟ ಸಲ ಚೆಕ್ ಮಾಡಿದೆ, ಮೀಟರಿಗೆ ಹಾಕೂ ಪಟ್ಟಿ (ಸ್ಟ್ರಿಪ್) ಒಂದಕ್ಕ 20 ರೂಪಾಯಿ ಹಿಡೀರಿ, ತಿಂಗಳಿಗೆ ನಾಕೂವರಿ ಸಾವಿರ ಪಟ್ಟಿಗೇ ಹೋತು. ಸಂಘದಾಗ 15 ಸಾವಿರ ಸಾಲ ತಗೊಂಡೆ. ತೋಳಿಗೆ ಹಚ್ಚೂ, ಶುಗರ್ ತೋರಿಸೂ ಸೆನ್ಸರ್ ಒಮ್ಮೆ ಹಾಕಿಸ್ಕೊಂಡೆ, ಹದಿನಾಕ ದಿನಕ್ಕ ಐದ ಸಾವಿರದ ಹತ್ರ, ಎರಡನೇದು ಕೈಲಾಗ್ಲಿಲ್ಲ. ಆದ್ರ ಆ ಹದಿನಾಕ ದಿನದಾಗ ತಿನ್ನೂವೆಲ್ಲಾ ತಿಂದು ನೋಡಿದೆ, ಒಂದ ದಿನಾನೂ ದಂಡ ಮಾಡ್ಲಿಲ್ಲ.

ಗಿರ್ಮಿಟ್ ಮಿರ್ಚಿ ಅದ್ರಾಗ ನೋಡಿದ್ದು. ಗಿರ್ಮಿಟ್ಟಿನಾಗಿನ ಮಂಡಕ್ಕಿ ಹಗರ ಅಂತ ಮಂದಿ ಮೋಸ ಹೋಗ್ತಾರ, ಅದು ಅಕ್ಕಿನ, 50 ಗ್ರಾಮಿಗೆ 40ರ ಸನೇಕ ಕಾರ್ಬ್, ಗಡಾನ ಏರತೈತಿ. ಜೋಡಿ ಮಿರ್ಚಿ ತಿಂದ್ರ ಎಣ್ಣಿ ಸಲುವಾಗಿ ಎರಡ ತಾಸಿಗೆ ಚಲೋ ತೋರಿಸಿ ನಾಕನೇ ತಾಸಿಗೆ 230. ಅದಕ್ಕ ಡೋಸ್ ಒಡದು ಎರಡ ಸಲ ತಗೋತೀನಿ. ಮೊದ್ಲ ಎಷ್ಟು, ಆಮ್ಯಾಲೆ ಎಷ್ಟು, ಎಷ್ಟ ಹೊತ್ತ ಬಿಟ್ಟು ಅಂತ ಇಲ್ಲಿ ಬರಿಯೂದಿಲ್ಲ, ಹೋಳಿಗಿ ಲೆಕ್ಕಾನೂ ಬರಿಯೂದಿಲ್ಲ. ಅದು ನನ್ನ ಮೈಗೆ ಹೊಂದಿದ್ದು, ಯಾರರ ಹಂಗ ಹಾಕ್ಕೊಂಡು ಬಿದ್ರ ನಾನ ಹೊಣಿ ಆಗಬೇಕಾಗತೈತಿ. ಇನ್ನ ತಂಗಳ ರೊಟ್ಟಿ ಮೊಸರು ಆರ ಸಲ ಉಂಡ ನೋಡಿದೆ, ಬಿಸಿ ರೊಟ್ಟಿಗಿಂತ 20-30 ಕಮ್ಮಿ ಬರತೈತಿ, ಅದೂ ಎಲ್ಲಾ ಸಲ ಅಲ್ಲ. ಡೋಸ್ ಇಳಿಸೂವಷ್ಟ ಫರಕ್ ಇಲ್ಲ.

ಮುಂಜಾನಿ ಮಾತ್ರ ಯೂನಿಟ್ಟಿಗೆ 11 ಗ್ರಾಂ ಅನ್ನೂ ಲೆಕ್ಕ ನಡಿಯೂದಿಲ್ಲ, ನಂಗ 8 ಹಿಡೀಬೇಕು, ರಾತ್ರಿ 12 ನಡೀತೈತಿ. ಝುಣಕ ಇದ್ದ ದಿನ ಕಡ್ಲಿ ಹಿಟ್ಟನ್ನೂ ತೂಗಿ ಕೂಡಿಸ್ಬೇಕು, ಎಣಗಾಯಿ, ಸೊಪ್ಪು ಬಿಟ್ಟಬಿಡ್ತೀನಿ.

ಮೊನ್ನೆ ನಂಗ ಜ್ವರ ಬಂದು ಮಲಗಿದ್ದೆ, ರೊಟ್ಟಿ ಅತ್ತಿಯವರ ಬಡದ್ರು. ತಾಟ ತಂದಿಟ್ಟು, ‘ಕಿಲೋಕ್ಕ 19 ಬಂದಾವು ನೋಡವ್ವಾ, ನನ್ನ ಉಂಡಿ ದೊಡ್ಡದಾದವು, ನಿನ್ನ ಲೆಕ್ಕ ತಿದ್ದಿಕೋ’ ಅಂದ್ರು. ಒಂದಕ್ಕ 36 ಹಿಡದು ಹಾಕ್ಕೊಂಡೆ.